ಮಲ್ಲಾಜಮ್ಮನ ಹೆಸರಿನ ಫಾರಂ

ನಾಳೆ ಶನಿವಾರ ಊರಿಗೆ ಬರುತ್ತೇನೆ, ಮಲ್ಲಾಜಮ್ಮ ಅನ್ನುವವರನ್ನು ನೋಡಬೇಕು ಎಂದು ಆಪ್ತಸಮಾಲೋಚಕಿ ಅರ್ಪಿತ ಮೇಡಂ ಫೋನಿನಲ್ಲಿ ಹೇಳಿದಾಗ ರೋಜಾಳ ಎದೆ ಧಸಕ್ಕೆಂದಿತು. ನರಸೀಪುರದ ಕಡೆಯ ಆ ಊರಿಗೆ ಅವಳು ಹನ್ನೊಂದು ವರ್ಷದಿಂದ ಆಶಾ ಕಾರ್ಯಕರ್ತೆ. ಹೆರಿಗೆ ನೋವಿನ ಹೆಂಗಸರನ್ನು ಆಟೋದಲ್ಲಿ ಕೂರಿಸಿಕೊಂಡು ಓಡಿದವಳು, ಫೋನಿಗೆ ಹೆದರಿದವಳಲ್ಲ. ಈಗ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು.

"ಏನಾಗಿದೆ ಮೇಡಂ ಅವರಿಗೆ?" ಎಂದಳು, ಗೊತ್ತಿದ್ದೂ.

"ಫಾರಂ ನೀವೇ ತುಂಬಿದ್ದಲ್ವಾ ರೋಜಾ? ಸಾಯೋದೇ ವಾಸಿ ಅನ್ಸುತ್ತಾ ಅನ್ನೋ ಪ್ರಶ್ನೆಗೆ ದಿನಾಲೂ ಅಂತ ಗುರುತು ಹಾಕಿದೀರಿ. ಇಂಥೋರನ್ನ ತಡ ಮಾಡ್ದೆ ನೋಡ್ಬೇಕು."

ತುಂಬಿದ್ದು ಅವಳೇ. ಮನಸ್ಸಿನ ಆರೋಗ್ಯದ ಸರ್ವೆ ಎಂದು ಒಂಬತ್ತು ಪ್ರಶ್ನೆಗಳ ಫಾರಂ ಕೊಟ್ಟು ಮನೆಮನೆಗೆ ಕಳಿಸಿದ್ದರು. ಮಲ್ಲಾಜಮ್ಮ ಅರವತ್ತೆಂಟರ ಗಟ್ಟಿ ಹೆಂಗಸು, ಅವಳು ಬಾಯಿ ತೆಗೆದರೆ ಬೀದಿ ಬಾಯಿ ಮುಚ್ಚಬೇಕು. ಅವರೆಕಾಯಿ ಸುಲಿಯುತ್ತಿದ್ದವಳು "ನಂಗೇನಮ್ಮಿ ರೋಗ, ನಿಂಗೆ ತೋಚಿದಂಗೆ ಬರ್ಕೊ" ಎಂದು ಒಳಕ್ಕೆ ಎದ್ದುಹೋಗಿದ್ದಳು. ಅರ್ಧ ಸರ್ವೆ ತುಂಬುವುದೇ ಹೀಗೆ, ಸುಳ್ಳೇಕೆ ಹೇಳಬೇಕು. ರೋಜಾ ಜಗುಲಿಯ ಮೇಲೆ ಒಬ್ಬಳೇ ಕುಳಿತು ಓದಿದಳು. ನಿದ್ದೆ ಬರುವುದಿಲ್ಲವೇ? ಯಾವುದರಲ್ಲೂ ಮನಸ್ಸಿಲ್ಲವೇ? ಯಾತಕ್ಕೂ ಬಾರದವಳು ಅನ್ನಿಸುತ್ತದೆಯೇ? "ಇಲ್ಲ" ಎಂದು ಸಾಲಾಗಿ ಗೀಚಬೇಕಿದ್ದ ಕೈ ರೋಜಾಳ ಸ್ವಂತ ಉತ್ತರವನ್ನೇ ಬರೆಯುತ್ತಾ ಹೋಯಿತು. ಇದನ್ನೆಲ್ಲ ಯಾರು ಓದುತ್ತಾರೆ ಎಂದುಕೊಂಡು ಕಟ್ಟಿನೊಳಗೆ ಸೇರಿಸಿದ್ದಳು. ಓದಿಬಿಟ್ಟಿದ್ದರು.

ರೋಜಾಳಿಗೇನು ಕೊರತೆಯೋ ಅವಳಿಗೇ ಗೊತ್ತಿರಲಿಲ್ಲ. ಗಂಡ ಪ್ರೇಮ್‌ಕುಮಾರ್ ಫ್ಯಾಕ್ಟರಿ ಕೆಲಸದವನು, ಕುಡಿತವಿಲ್ಲ, ಬಡಿತವಿಲ್ಲ. ಮಗಳು ಓದಿನಲ್ಲಿ ಮುಂದು. ಆದರೂ ನಾಲ್ಕು ತಿಂಗಳಿಂದ ಬೆಳಗಾದರೆ ಭಯ, ಹಾಸಿಗೆ ಬಿಡಲು ಭಯ, ತನ್ನ ಮೇಲೆ ತನಗೇ ಭಯ. ಖಿನ್ನತೆಯೂ ಜ್ವರದಂತೆ ಒಂದು ಕಾಯಿಲೆ, ಯಾರಿಗೂ ಬರಬಹುದು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ಅವಳೇ. ತನಗೆ ಬಂದಾಗ ಮಾತ್ರ ಅದು ಕೊಬ್ಬು ಅನ್ನಿಸಿತು.

ಹೇಳೋಣವೆಂದರೆ, ಬಾಯಿ ಬಿಟ್ಟರೆ ಬಣ್ಣಗೇಡು. ತಲೆ ಕೆಟ್ಟವಳು ಕರೆದರೆ ಕೂಸನ್ನು ಲಸಿಕೆಗೆ ಯಾರು ತರುತ್ತಾರೆ? ಸುಮ್ಮನಿದ್ದರೆ ಮಲ್ಲಾಜಮ್ಮನ ಮಗ ಬಸವಣ್ಣ ಬಿಟ್ಟಾನೆಯೇ? ಅವನ ತಾಯಿಗೆ ಇವಳು ಹುಚ್ಚಿನ ಪಟ್ಟ ಕಟ್ಟಿದಳೆಂದು ಆ ಬೀದಿಯೆಲ್ಲ ಎದ್ದು ನಿಂತರೆ, ಇವಳ ಬೀದಿಯವರು ಇವಳ ಜೊತೆ ನಿಂತಾರೆಯೇ?

ಮರುದಿನ ಅರ್ಪಿತ ಮೇಡಂ ರೋಜಾಳೊಂದಿಗೆ ಮಲ್ಲಾಜಮ್ಮನ ಜಗುಲಿಯಲ್ಲಿ ಕುಳಿತು, ಬಸವಣ್ಣ ಗದ್ದೆಗೆ ಹೋಗಿರುವುದನ್ನು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಕೇಳಿದರು. "ಅಮ್ಮಾ, ಬದುಕೇ ಬೇಡ ಅನ್ಸುತ್ತೆ ಅಂತ ಹೇಳಿದ್ರಂತೆ?"

"ಯಾರು, ನಾನಾ?" ಎಂದು ಮಲ್ಲಾಜಮ್ಮ ರೋಜಾಳ ಕಡೆ ತಿರುಗಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರೋಜಾಳ ಕೈ ಆಗಲೇ ಸೆರಗು ತಿರುಚುತ್ತಿತ್ತು. ಮುದುಕಿ ಅವಳ ಮುಖವನ್ನು ನೋಡಿಯೇ ನೋಡಿದಳು. ಇನ್ನು ಮುಗಿಯಿತು ಎಂದುಕೊಂಡಳು ರೋಜಾ.

"ಊಂ," ಎಂದಳು ಮಲ್ಲಾಜಮ್ಮ. "ನಾನೇ ಏಳಿದ್ದು. ಆದ್ರೆ ಇಲ್ಲಿ ಬ್ಯಾಡಿ. ನರಸೀಪುರದಲ್ಲೂ ಬ್ಯಾಡಿ, ಅಲ್ಲೆಲ್ಲಾ ಗುರ್ತಿನವ್ರೇ."

ಸೋಮವಾರ ನಾನು ನಂಜನಗೂಡಿನ ಆಸ್ಪತ್ರೆಯಲ್ಲಿರುತ್ತೇನೆ, ಅಲ್ಲಿಗೇ ಬನ್ನಿ, ಆದರೆ ಅಲ್ಲಿಯವರೆಗೆ ಒಬ್ಬರೇ ಇರಬೇಡಿ ಎಂದರು ಮೇಡಂ.

"ಈ ಅಮ್ಮಿ ನನ್ ಜೊತೇಲೆ ಇರ್ತಾಳೆ. ಬಸ್ಸಿಗೂ ಇವಳೇ ಬತ್ತಾಳೆ."

ಹೇಳಿದಂತೆಯೇ ಮಾಡಿದಳು. ಮಾತ್ರೆ ಚೀಟಿ ಓದು, ರಾಗಿ ಕೇರು ಎಂದು ಹೊತ್ತುಹೊತ್ತಿಗೂ ಹೇಳಿಕಳಿಸಿ ಕೂರಿಸಿಕೊಂಡಳು, ಫಾರಮ್ಮಿನ ಮಾತು ಮಾತ್ರ ಎತ್ತಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದುಕೊಳ್ಳುತ್ತಾ ರೋಜಾ ರಾಗಿ ಕೇರಿದಳು. ಸೋಮವಾರ ನಂಜುಂಡನ ದರ್ಶನಕ್ಕೆಂದು ಹೊರಟ ತಾಯಿಯನ್ನು ಬಸವಣ್ಣನೇ ಬೈಕಿನಲ್ಲಿ ಬಸ್ಸಿಗೆ ಬಿಟ್ಟ.

ಆಸ್ಪತ್ರೆಯ ಬೆಂಚಿನ ಮೇಲೆ ಮಲ್ಲಾಜಮ್ಮ ಕಾಲು ಚಾಚಿ ಕುಳಿತಳು. ಒಳಗಿಂದ ಅವಳ ಹೆಸರು ಕರೆದರೂ ಕದಲಲಿಲ್ಲ.

"ಓಗು," ಎಂದಳು ರೋಜಾಳಿಗೆ.

"ಅವ್ವಾರೇ, ನಂದು ತಪ್ಪಾಯ್ತು..."

"ನಾಕ್ ತಿಂಗ್ಳಿಂದ ನಮ್ ಜಗ್ಲೀಲಿ ಕೂತ್ಕಂಡು ಬರೀ ರಸ್ತೆ ನೋಡ್ತಿದ್ದೆ. ಒಂದು ಮಾತಿಲ್ಲ, ಒಂದು ನಗು ಇಲ್ಲ. ಕಂಡೂ ಸುಮ್ಕಿದ್ದೆ, ಅದು ನನ್ ತಪ್ಪು. ಓಗು ಈಗ."

"ಭಯ ಆಯ್ತದೆ ಅವ್ವಾರೇ." ಈ ಮಾತನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಹೇಳುತ್ತಲೇ ಕಣ್ಣಲ್ಲಿ ನೀರು ಬಂತು.

"ಆಗ್ಲಿ ಕಣಮ್ಮಿ. ಭಯ ಮಡಿಕ್ಕಂಡೇ ಓಗು."

ಎರಡನೇ ಸಲ ಕರೆದರು. ರೋಜಾ ಎದ್ದಳು. ಒಳಗೆ ಹೋದಾಗ ಅರ್ಪಿತ ಮೇಡಂ ಅವಳ ಬೆನ್ನ ಹಿಂದೆ ಇಣುಕಿ, "ಅಮ್ಮ ಎಲ್ಲಿ?" ಎಂದರು.

ರೋಜಾ ಬಾಗಿಲು ಮುಚ್ಚಿ ಕುರ್ಚಿಯಲ್ಲಿ ಕುಳಿತಳು.

"ಅವ್ರ ಹೆಸ್ರು ಹೊಡೆದಾಕಿ ಮೇಡಂ," ಎಂದಳು. "ಅಲ್ಲಿ ನನ್ನ ಹೆಸ್ರು ಬರ್ಕೊಳ್ಳಿ."