ಕಿವಿಪರದೆಯ ಹಿಂದಿನ ಬಿಳಿ ಗುಂಡು

ಮನೀಷಾಳ ಎಡಗಿವಿ ಎಂದೂ ಸೋರಿದ್ದಿಲ್ಲ, ನೋವೆಂದು ಆಕೆ ಅತ್ತದ್ದೂ ಇಲ್ಲ. ಆದರೆ ಬಲಗಿವಿಯನ್ನು ದಿಂಬಿಗೊತ್ತಿ ಮಲಗಿದರೆ ಎಷ್ಟು ಕೂಗಿದರೂ ಏಳುತ್ತಿರಲಿಲ್ಲ. ಆರು ವರ್ಷದ ಮಗಳ ಈ ಪರಿಯನ್ನು ಗುರುತಿಸಿದವಳು ತಾಯಿ ಸುಗಂಧಾ. ಕೊಡಂಬಲದ ಹೊಲಗಳಲ್ಲಿ ಕಳೆ ತೆಗೆಯುವ ಆಕೆ ಒಂದು ದಿನ ಕೂಲಿ ಬಿಟ್ಟು, ಗಂಡ ಉತ್ತಮನ ಆಟೋದಲ್ಲಿ ಮಗಳನ್ನು ಹುಮನಾಬಾದಿನ ಕಿವಿ ಡಾಕ್ಟರ್ ಅಜೀಮರ ಬಳಿ ಕರೆದೊಯ್ದಳು.

ಡಾಕ್ಟರು ಕಡ್ಡಿಯಂಥ ಕ್ಯಾಮೆರಾವನ್ನು ಕಿವಿಯೊಳಗೆ ಇಳಿಸಿದರು. ಎದುರಿನ ಟಿವಿಯಲ್ಲಿ ಈರುಳ್ಳಿ ಪೊರೆಯಂಥ ಪರದೆ ಹೊಳೆಯಿತು. ಅದರ ಹಿಂದೆ, ನೆನೆಸಿದ ಸಾಬೂದಾಣಿಯಂಥ ಬಿಳಿ ಗುಂಡು.

“ಏನದರಿ ಸಾಹೇಬ್ರ ಅದು? ಆಡಕೋತ ಮಣಿ ತುರುಕ್ಯಾಳೇನ್ರಿ?”

“ಇಲ್ಲವ್ವ. ಪರದಾ ಹರಿದಿಲ್ಲ, ಹೊರಗಿಂದ ಹೋಗಾಕ ದಾರಿನೇ ಇಲ್ಲ. ನಿನ್ನ ಹೊಟ್ಟ್ಯಾಗ ಇದ್ದಾಗೇ ಚರ್ಮದ ಒಂದು ಚೂರು ಒಳಗ ಉಳದದ. ಈಗ ಬೆಳ್ಯಾಕತ್ತದ. ತಗೀಲಿಲ್ಲಂದ್ರ ಒಳಗಿನ ಎಲುಬು ತಿಂತದ.”

ಸುಗಂಧಾ ಟಿವಿಯಿಂದ ಕಣ್ಣು ಕೀಳಲಿಲ್ಲ. ತಾನೇ ಹೆತ್ತು, ಎಣ್ಣೆ ತಿಕ್ಕಿ, ಎರೆದು ಬೆಳೆಸಿದ ಮೈ ಅದು. ಅದರೊಳಗೆ ತನಗೆ ಗೊತ್ತಿಲ್ಲದ ಇಂಥದೊಂದು ಲೋಕ!

ಅಜೀಮರು ಚೀಟಿ ಕೊಟ್ಟು ಕಳಿಸಿದಂತೆ, ಬಸವಕಲ್ಯಾಣದಲ್ಲಿ ಡಾಕ್ಟರ್ ಜಯಮಾಲಾ ಆಪರೇಷನ್ ಮಾಡಿದರು. ಹೊರಬಂದು, “ಗುಂಡು ಪೂರಾ ಬಂದದ. ಆದ್ರ ಅಕ್ಕಿಕಾಳಿನಷ್ಟು ಒಂದು ಎಲುಬು ಆಗಲೇ ಸವದಿತ್ತು. ಕಣ್ಣಿಗೆ ಕಾಣದ ಕಣ ಉಳದಿದ್ರ ಮತ್ತ ಬೆಳೀತದ. ಒಂದು ವರ್ಷ ಬಿಟ್ಟು ಕಿವಿ ಮತ್ತೊಮ್ಮೆ ಕೊಯ್ದು ನೋಡಬೇಕು,” ಎಂದರು.

ವರ್ಷ ಕಳೆದಾಗ ಉತ್ತಮ ಹಿಂಜರಿದ. “ಚೆಂದ ಆಡಕೋತ ಅದ ಕೂಸು. ಮತ್ತ್ಯಾಕ ಕೊಯ್ಸೋದು?”

“ಹುಟ್ಟೋಕಿಂತ ಮೊದ್ಲೇ ಅಡಗಿ ಕುಂತಿದ್ದು ಅದು. ನಾ ಅದನ್ನ ನಂಬಂಗಿಲ್ರಿ,” ಎಂದಳು ಸುಗಂಧಾ. ಅವನು ಆಟೋ ತೆಗೆದ.

ಈ ಸಲ ಒಳಗೆಲ್ಲ ಸ್ವಚ್ಛವಾಗಿತ್ತು. ಮಗುವಿನದೇ ಕಿವಿಯ ಮೆತ್ತನೆಯ ಎಲುಬಿನ ಚೂರು ಕೆತ್ತಿ, ಸವೆದ ಎಲುಬಿನ ಜಾಗದಲ್ಲಿ ಸೇತುವೆಯಂತೆ ಇಟ್ಟಿದ್ದಾಗಿ ಜಯಮಾಲಾ ಹೇಳಿದರು. “ಪೂರಾ ಕೇಳಸ್ತದಂತ ಮಾತು ಕೊಡಂಗಿಲ್ಲವ್ವ.”

ಗಾಯ ಮಾಗಿದ ಮೇಲೆ ಪರೀಕ್ಷೆಯಾಯಿತು. ಪಿಸುಮಾತು ಇನ್ನೂ ಎಡಗಿವಿಗೆ ದಕ್ಕುತ್ತಿರಲಿಲ್ಲ. ಉಳಿದದ್ದು ಕೇಳುತ್ತಿತ್ತು. ವರ್ಷಕ್ಕೊಮ್ಮೆ ತೋರಿಸುತ್ತಿರಬೇಕೆಂದು ಹೇಳಿ ಕಳಿಸಿದರು.

ಆಸ್ಪತ್ರೆಯ ಮೆಟ್ಟಿಲಿಳಿದು ತಾಯಿ ಮಗಳು ಗದ್ದಲದ ರಸ್ತೆಯಲ್ಲಿ ನಿಂತರು. ಎಡಗಡೆ, ಬೇವಿನ ಮರದ ಕೆಳಗೆ ಆಟೋ ನಿಲ್ಲಿಸಿದ್ದ ಉತ್ತಮ, “ಮನೀಷಾ!” ಎಂದು ಕೂಗಿದ. ಅಷ್ಟು ವರ್ಷ, ಯಾರೇ ಕರೆದರೂ ದನಿ ಎತ್ತಣಿಂದ ಬಂತೆಂದು ತಿಳಿಯದೆ ಸುತ್ತಲೂ ಕಣ್ಣಾಡಿಸುತ್ತಿದ್ದ ಹುಡುಗಿ, ಈಗ ನೆಟ್ಟಗೆ ಎಡಕ್ಕೆ ತಿರುಗಿದಳು.

“ಅವ್ವಾ, ಅಪ್ಪ ಆ ಕಡೀ ಇದ್ದಾನ!”

ಸುಗಂಧಾ ಸೆರಗಿನಿಂದ ಬಾಯಿ ಒರೆಸಿಕೊಂಡು, ನಿಂತಲ್ಲಿಂದಲೇ ಗಂಡನಿಗೆ ಕೂಗಿದಳು:

“ಇನ್ನೊಮ್ಮೆ ಕರೀರಿ!”