ನೀರಂಗಡಿಯ ನೆವೆನಾಳ ಬಾಯಾರಿಕೆ

ನೆವೆನಾ ಗಿರಾಕಿಗಳನ್ನು ಗುರುತಿಸುತ್ತಿದ್ದದ್ದು ಮುಖ ನೋಡಿ ಅಲ್ಲ, ಮಂಡಿ ನೋಡಿ. ಸೋಫಿಯಾ ನಗರದ ಹಳೇ ಬೀದಿಯೊಂದರಲ್ಲಿ ಅವಳದು ನೆಲಮಾಳಿಗೆಯ ಅಂಗಡಿ. ಅದಕ್ಕಿದ್ದ ಒಂದೇ ಒಂದು ಕಿಟಕಿ ಕಾಲುದಾರಿಯ ಮಟ್ಟಕ್ಕೆ ತೆರೆದುಕೊಳ್ಳುತ್ತಿತ್ತು. ಏನಾದರೂ ಬೇಕೆಂದರೆ ವಕೀಲನಾದರೂ ಸರಿ, ವಿದ್ಯಾರ್ಥಿಯಾದರೂ ಸರಿ, ಕುಕ್ಕರಗಾಲಲ್ಲಿ ಕೂತು ತಲೆ ಬಗ್ಗಿಸಿ ಕೇಳಬೇಕು. ಸಿಗರೇಟು, ಬಿಸ್ಕತ್ತು, ಹುರಿದ ಸೂರ್ಯಕಾಂತಿ ಬೀಜ ಎಲ್ಲ ಇದ್ದರೂ ವ್ಯಾಪಾರ ನಿಂತಿದ್ದು ನೀರಿನ ಮೇಲೆ. ಬೇಸಿಗೆ ಬಂತೆಂದರೆ ಬೆಳಗಿನಿಂದ ಸಂಜೆವರೆಗೆ ತಣ್ಣನೆಯ ಬಾಟಲಿಗಳನ್ನು ಮೇಲಕ್ಕೆ ಚಾಚುವುದೇ ಅವಳ ಕೆಲಸ.

ಅವಳು ಮಾತ್ರ ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಬೇಕಾಗುತ್ತದೆ. ಹೋಗಬೇಕೆಂದರೆ ಕಿಟಕಿ ಮುಚ್ಚಿ, ಮೆಟ್ಟಿಲು ಹತ್ತಿ, ಬಾಗಿಲಿಗೆ ಬೀಗ ಜಡಿದು, ಮೂಲೆಯ ಬೇಕರಿಯ ಶೌಚಾಲಯದವರೆಗೆ ನಡೆಯಬೇಕು. ಅಷ್ಟರಲ್ಲಿ ಗಿರಾಕಿ ಪಕ್ಕದ ಬೀದಿ ಸೇರಿರುತ್ತಾನೆ. ಅಂಗಡಿ ಹಾಕಿದ ಹೊಸತರಲ್ಲಿ ಕಷ್ಟಪಟ್ಟು ತಡೆದುಕೊಂಡಳು, ಆಮೇಲೆ ಅದು ಅಭ್ಯಾಸವಾಯಿತು, ಕೊನೆಗೆ ಅದೇ ಹೆಮ್ಮೆಯಾಗಿ ಕೂತಿತು. ಬೆಳಗ್ಗೆ ಒಂದು ಪುಟ್ಟ ಕಾಫಿ, ಮಧ್ಯಾಹ್ನ ಇನ್ನೊಂದು, ರಾತ್ರಿ ಮಾತ್ರೆ ನುಂಗಲು ಒಂದು ಗುಟುಕು ನೀರು. ಬಾಯಾರಿಕೆ ಎಂಬುದೊಂದು ಇದೆ ಎನ್ನುವುದನ್ನೇ ಅವಳ ಮೈ ಮರೆತುಬಿಟ್ಟಿತ್ತು.

"ನಾನು ಒಂಟೆ ಕಣೇ. ದಿನವಿಡೀ ಹನಿ ನೀರು ಬೇಡ ನಂಗೆ," ಎಂದು ಬೇಕರಿಯ ಸ್ಲಾವ್ಕಾಳ ಮುಂದೆ ಜಂಬ ಕೊಚ್ಚುತ್ತಿದ್ದಳು.

"ಒಂಟೆನಾದ್ರೂ ಸಿಕ್ಕಾಗ ಕುಡಿಯುತ್ತಮ್ಮಾ. ನೀನು ಪಾಪಾಸುಕಳ್ಳಿ. ಮುಟ್ಟಿದ್ರೆ ಚುಚ್ತೀಯ ಬೇರೆ," ಎನ್ನುತ್ತಿದ್ದಳು ಸ್ಲಾವ್ಕಾ.

ಸೊಂಟದ ಎಡಗಡೆ ಒಂದು ನೋವು ವರ್ಷಗಳಿಂದ ಮನೆ ಮಾಡಿಕೊಂಡಿತ್ತು. ಅದಕ್ಕೆ ನೆವೆನಾಳ ಹತ್ತಿರ ಕಾರಣ ಸಿದ್ಧವಿತ್ತು: ಗಾಳಿ. ಆ ಊರಿನಲ್ಲಿ ಕುತ್ತಿಗೆ ಹಿಡಿದರೂ ಗಾಳಿ, ಹಲ್ಲು ನೋವಾದರೂ ಗಾಳಿ. ಎದುರುಬದುರಿನ ಎರಡು ಕಿಟಕಿ ತೆರೆದಿಟ್ಟು ನಡುವೆ ಕೂತವನನ್ನು ಸಾಯಲು ಹೊರಟವನ ಹಾಗೆ ನೋಡುವ ಜನ. ಹಾಗಾಗಿ ನೆವೆನಾ ಉರಿಬಿಸಿಲಿನ ಜುಲೈನಲ್ಲೂ ಸೊಂಟಕ್ಕೆ ಉಣ್ಣೆಯ ಪಟ್ಟಿ ಸುತ್ತಿಕೊಂಡು ಬೆವರುತ್ತ ಕೂರುತ್ತಿದ್ದಳು. ಆಗಾಗ ಉರಿಮೂತ್ರ ಕಾಡುತ್ತಿತ್ತು. ಅದಕ್ಕೆ ಔಷಧದಂಗಡಿಯವನು ಕೊಟ್ಟ ಮಾತ್ರೆ. ಡಾಕ್ಟರ ಬಳಿ ಹೋಗುವಷ್ಟು ಪುರುಸೊತ್ತು ಯಾರಿಗಿದೆ?

ಪುರುಸೊತ್ತು ಮಾಡಿಕೊಳ್ಳುವಂತೆ ಮಾಡಿದವನು ಅವಳ ತಮ್ಮ ವೆಲ್ಕೊ.

ವೆಲ್ಕೊ ಮದುವೆಯ ವಾದ್ಯಮೇಳದಲ್ಲಿ ಕ್ಲಾರಿನೆಟ್ ನುಡಿಸುವವನು. ರಕ್ತದೊತ್ತಡ ಜಾಸ್ತಿ ಇದೆ ಎಂದು ಡಾಕ್ಟರು ಹೇಳಿದಾಗ ನಕ್ಕು ತಳ್ಳಿಹಾಕಿದ್ದ. ಒತ್ತಡ ಸುಮ್ಮನೆ ಕೂರಲಿಲ್ಲ, ಎರಡೂ ಕಿಡ್ನಿಗಳನ್ನು ತಿಂದುಹಾಕಿತು. ಈಗ ವಾರಕ್ಕೆ ಮೂರು ದಿನ ಯಂತ್ರದ ಪಕ್ಕದಲ್ಲಿ ಕೂತು ರಕ್ತ ತೊಳೆಸಿಕೊಳ್ಳಬೇಕು. ಮೈಯಿಂದ ನೀರು ಹೊರಹೋಗುವ ದಾರಿ ಮುಚ್ಚಿದ್ದರಿಂದ ಒಳಹೋಗುವ ದಾರಿಗೂ ಕಾವಲು ಬಿತ್ತು. ದಿನಕ್ಕೆ ಮುಕ್ಕಾಲು ಲೀಟರ್, ಅಷ್ಟೇ. ಸೂಪು, ಕಾಫಿ, ಕಲ್ಲಂಗಡಿ ಹೋಳು ಎಲ್ಲ ಅದರೊಳಗೇ. ಬಾಯಿ ಒಣಗಿ ಕ್ಲಾರಿನೆಟ್ಟಿನ ಊದುವ ತುದಿಯ ರೀಡು ತುಟಿಗೆ ಅಂಟಿಕೊಳ್ಳುತ್ತಿತ್ತು. ನುಡಿಸುವುದನ್ನು ಬಿಟ್ಟ.

"ಅಕ್ಕಾ, ಕನಸಲ್ಲಿ ನಲ್ಲಿ ಬರುತ್ತೆ ಕಣೇ. ಹುಡುಗೀರು ಬರೋ ಕಾಲ ಹೋಯ್ತು, ಈಗ ಬರೀ ನಲ್ಲಿ," ಎಂದು ಒಮ್ಮೆ ಹೇಳಿದ. ಇಬ್ಬರೂ ನಕ್ಕರು. ಮನೆಗೆ ಹೋಗಿ ನೆವೆನಾ ಅತ್ತಳು.

ಕಿಡ್ನಿ ಕೊಡುತ್ತೇನೆಂದು ಅವಳೇ ಮುಂದಾದಳು. "ನನ್ನತ್ರ ಎರಡಿದಾವೆ. ಒಂದು ಸುಮ್ನೆ ಬಿದ್ದಿದೆ, ತಗೋ," ಎಂದಳು, ಮನೆಯಲ್ಲಿ ಹೆಚ್ಚಾದ ಕುರ್ಚಿಯನ್ನು ಕೊಡುವವರ ಹಾಗೆ. ರಕ್ತದ ಗುಂಪು ಹೊಂದಿತು. ಮುಂದಿನ ಪರೀಕ್ಷೆಯೂ ಹೊಂದಿತು. ಸ್ಲಾವ್ಕಾ ಬಿಸಿಬಿಸಿ ಚೀಸಿನ ಬಾನಿತ್ಸಾ ಮಾಡಿ ಬೀದಿಗೆಲ್ಲ ಹಂಚಿದಳು.

"ನಿನ್ನ ಕಿಡ್ನಿ ಹಾಕಿಸ್ಕೊಂಡ್ರೆ ನಾನೂ ನಿನ್ನಂಗೆ ಗೊಣಗೋಕೆ ಶುರು ಮಾಡ್ತೀನೇನೋ," ಎಂದು ವೆಲ್ಕೊ ಕಿಟಕಿಯ ಮುಂದೆ ಕುಕ್ಕರಿಸಿ ರೇಗಿಸಿದ.

"ಗೊಣಗೋದು ಕಿಡ್ನಿಯಿಂದ ಬರಲ್ಲ ಕಣೋ. ನಿನ್ನಂಥ ತಮ್ಮನಿಂದ ಬರುತ್ತೆ."

"ಆಪರೇಷನ್ ಆದ ಮೇಲೆ ಇಲ್ಲೇ, ಈ ಕಿಟಕಿ ಮುಂದೇನೇ ಕೂತು, ನಿನ್ನ ಫ್ರಿಜ್ ಖಾಲಿ ಮಾಡ್ತೀನಿ ನೋಡು."

"ಮಾಡು ರಾಜಾ. ಒಂದು ಹನೀನೂ ಬಿಡಬೇಡ," ಎಂದಳು ನೆವೆನಾ. ಅವಳ ಬದುಕಿನಲ್ಲಿ ಅಷ್ಟು ಸಂತೋಷದ ಬೇಸಿಗೆ ಬಂದಿರಲಿಲ್ಲ.

ಕೊನೆಯದಾಗಿ ಹೊಟ್ಟೆಯ ಸ್ಕ್ಯಾನ್ ಇತ್ತು. ಅದನ್ನು ನೋಡಿದ ಡಾಕ್ಟರ್ ಅಂಗೆಲೊವಾ ನೆವೆನಾಳನ್ನು ಒಬ್ಬಳನ್ನೇ ಒಳಗೆ ಕರೆದರು. ಎಡಬಲ ಯಾವ ಕಿಡ್ನಿ ತೆಗೆಯುತ್ತಾರೆಂದು ಹೇಳಲು ಕರೆದಿರಬೇಕು ಎಂದುಕೊಂಡೇ ಅವಳು ಹೋದಳು.

"ನೆವೆನಾ ಅವರೇ, ನೀವು ಕಿಡ್ನಿ ಕೊಡೋಕಾಗಲ್ಲ," ಎಂದರು ಡಾಕ್ಟರು, ಪೀಠಿಕೆಯಿಲ್ಲದೆ.

"ಯಾಕೆ? ಎಲ್ಲಾ ಹೊಂದ್ತು ಅಂದ್ರಲ್ಲ?"

ಡಾಕ್ಟರು ಪರದೆಯನ್ನು ಅವಳ ಕಡೆಗೆ ತಿರುಗಿಸಿದರು. ಕಪ್ಪು ಬಿಳುಪಿನ ಚಿತ್ರದಲ್ಲಿ ಶುಂಠಿಯ ಬೇರಿನ ಹಾಗೆ ಕವಲೊಡೆದ ಬಿಳಿಯ ಗಡ್ಡೆಯೊಂದು ಕಾಣುತ್ತಿತ್ತು. "ಇದು ಕಲ್ಲು. ನಿಮ್ಮ ಎಡಗಡೆ ಕಿಡ್ನಿ ಒಳಗೆಲ್ಲ ಇದೇ ತುಂಬ್ಕೊಂಡಿದೆ. ಕಿಡ್ನಿ ಸುರುಟಿಹೋಗಿದೆ, ಕೆಲಸ ಮಾಡ್ತಾ ಇಲ್ಲ. ಬಲಗಡೆದರಲ್ಲೂ ಸಣ್ಣ ಕಲ್ಲುಗಳಿದಾವೆ. ನಿಮಗೆ ಇರೋದು ಈಗ ಅದೊಂದೇ."

ನೆವೆನಾ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದಳು. ಚಿತ್ರ ಬೇರೆ ಯಾರದೋ ಇರಬೇಕು. ಅಲ್ಲಿ ಮೂಲೆಯಲ್ಲಿ ಅವಳದೇ ಹೆಸರಿತ್ತು.

"ಇಲ್ಲ ಡಾಕ್ಟ್ರೇ. ನಂಗೇನೂ ಆಗಿಲ್ಲ. ಸೊಂಟ ಸ್ವಲ್ಪ ನೋಯುತ್ತೆ, ಅದು ಗಾಳಿಗೆ. ಅಂಗಡಿ ಕಿಟಕಿಯಿಂದ ಗಾಳಿ ಹೊಡೆಯುತ್ತೆ."

"ಗಾಳಿ ಕಲ್ಲು ಕಟ್ಟಲ್ಲ ಕಣಮ್ಮಾ. ದಿನಕ್ಕೆ ಎಷ್ಟು ನೀರು ಕುಡೀತೀರ?"

"ಎರಡು ಕಾಫಿ."

"ನೀರು ಕೇಳಿದೆ."

ನೆವೆನಾ ಯೋಚಿಸಿದಳು. ನೀರೆಂದು ನೀರು ಕುಡಿದದ್ದು ಯಾವಾಗ ಎಂದು ಹುಡುಕಿದರೆ ನೆನಪಿನಲ್ಲಿ ಬರೀ ತಾನು ಮೇಲಕ್ಕೆ ಚಾಚಿದ ಬಾಟಲಿಗಳೇ ಸಿಕ್ಕವು.

ಕಲ್ಲಿಗೆ ಹಲವು ಕಾರಣಗಳಿರುತ್ತವೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆದರೆ ವರ್ಷಾನುಗಟ್ಟಲೆ ಮೈ ಒಣಗಿಸಿ, ಬಂದದ್ದನ್ನೂ ತಡೆಹಿಡಿದು, ಪದೇಪದೇ ಬಂದ ಸೋಂಕಿಗೆ ಸರಿಯಾದ ಮದ್ದು ಮಾಡದೆ ಬಿಟ್ಟರೆ ಕಲ್ಲು ಬೆಳೆಯದೆ ಇನ್ನೇನು ಬೆಳೆಯುತ್ತದೆ? ಅವಳಿಗೆ ಕೇಳಿಸಿದ್ದು ಅರ್ಧ. "ನಾನು ನೀರು ಮಾರೋಳು ಡಾಕ್ಟ್ರೇ," ಎಂದಳು, ಅದರಿಂದ ಏನೋ ಬದಲಾದೀತು ಎನ್ನುವ ಹಾಗೆ. "ನನ್ನ ಸುತ್ತ ನೀರೇ ಇರುತ್ತೆ."

"ಸುತ್ತ ಇದ್ರೆ ಆಗಲ್ಲ," ಎಂದರು ಅಂಗೆಲೊವಾ. ಕೂತಿದ್ದವರು ಎದ್ದು ಬಂದು ಅವಳ ಭುಜ ಮುಟ್ಟಿದರು. "ಇನ್ನು ಮೇಲೆ ಬಾಯಾರಿಕೆಗೆ ಕಾಯಬೇಡಿ. ನಿಮ್ಮ ಮೈ ಕೇಳೋದನ್ನ ಬಿಟ್ಟಿದೆ. ಕೇಳದಿದ್ರೂ ಕೊಡಿ, ದಿನವಿಡೀ ಸ್ವಲ್ಪಸ್ವಲ್ಪ. ಬಲಗಡೆದನ್ನ ಉಳಿಸ್ಕೊಳ್ಳೋಣ."

ಅವಳು ಆಸ್ಪತ್ರೆಯ ಮೆಟ್ಟಿಲಿಳಿದು ಹೊರಬಂದಳು. ಅವಳನ್ನು ತಿನ್ನುತ್ತಿದ್ದದ್ದು ಸತ್ತ ಕಿಡ್ನಿಯ ದುಃಖವಲ್ಲ. ಅದು ವೆಲ್ಕೊನದಾಗಬೇಕಿತ್ತು. ತಮ್ಮನಿಗೆ ಸೇರಬೇಕಾದ್ದನ್ನು ತಾನು ಹೆಮ್ಮೆಯಿಂದ, ನಗುನಗುತ್ತ, ಎಷ್ಟೋ ವರ್ಷ ಕೂತು ಕೊಂದಿದ್ದಳು. ಅವನಿಗೆ ಏನೆಂದು ಹೇಳುವುದು?

ಹೇಳಲಾಗದೆ ಅಂಗಡಿಗೆ ಹೋಗಿ ಕೂತಳು. ಮಧ್ಯಾಹ್ನದ ಹೊತ್ತಿಗೆ ಗೊತ್ತಿದ್ದ ಮಂಡಿಗಳು ಕಿಟಕಿಯ ಮುಂದೆ ಬಂದು ನಿಂತವು, ಮಡಚಿದವು. ವೆಲ್ಕೊನ ಊದಿದ ಮುಖ ಕೆಳಗಿಳಿಯಿತು.

"ಏನಂದ್ರು? ಎಡಗಡೆದೋ, ಬಲಗಡೆದೋ?"

ನೆವೆನಾ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಕಲ್ಲು, ಗಾಳಿ, ಎರಡು ಕಾಫಿ, ಎಲ್ಲ. ಹೇಳುವಷ್ಟು ಹೊತ್ತೂ ಅವನ ಮುಖ ನೋಡದೆ ಬೀಜದ ಪೊಟ್ಟಣಗಳನ್ನು ಸರಿಮಾಡುತ್ತಿದ್ದಳು.

ವೆಲ್ಕೊನ ಮುಖದಿಂದ ಬಣ್ಣವೆಲ್ಲ ಬಸಿದುಹೋಯಿತು. ಆಮೇಲೆ ಕೂಗಿದ. ದಾರಿಯಲ್ಲಿ ಹೋಗುವವರು ತಿರುಗಿ ನೋಡುವ ಹಾಗೆ ಕೂಗಿದ.

"ನೀರು ಕುಡಿಯೋಕೆ ಏನೇ ಬಂದಿತ್ತು ರೋಗ ನಿಂಗೆ? ಇಲ್ಲಿ ನಾನು ಗುಟುಕು ಗುಟುಕಿಗೆ ಸಾಯ್ತಾ ಇದೀನಿ. ಒಂದು ಲೋಟ ನೀರು ಹೊಟ್ಟೆ ತುಂಬ ಕುಡಿಯೋಕೆ ಏನು ಬೇಕಾದ್ರೂ ಕೊಟ್ಟೇನು. ನಿನ್ನ ಯಾರು ತಡೆದಿದ್ರು? ಹೇಳೇ, ಯಾರು ತಡೆದಿದ್ರು?"

"ಬೈಯೋ. ಇನ್ನೂ ಬೈಯಿ," ಎಂದಳು ನೆವೆನಾ.

ಅವನು ಬೈಯಲಿಲ್ಲ. ಏದುಸಿರು ಬಿಡುತ್ತ ಕೂತಿದ್ದವನು ಕೈ ಚಾಚಿ, "ಒಂದು ಬಾಟ್ಲಿ ಕೊಡು," ಎಂದ.

ಆಸೆ ಮುರಿದ ಮನುಷ್ಯ, ಈಗ ಏನು ಬೇಕಾದರೂ ಮಾಡಿಕೊಂಡಾನು. "ಬೇಡ ಕಣೋ ವೆಲ್ಕೊ. ನಿನ್ನ ಇವತ್ತಿನ ಪಾಲು..."

"ಕೊಡು ಅಂದೆ."

ನೆವೆನಾ ಕೊಟ್ಟಳು. ಅವನು ಮುಚ್ಚಳ ತಿರುಚಿ ತೆಗೆದ. ಬಾಟಲಿಯ ಮೈಮೇಲಿನ ತಣ್ಣನೆಯ ಹನಿಗಳು ಅವನ ಬೆರಳಿನ ಸಂದಿಯಲ್ಲಿ ಇಳಿದವು. ಅವನು ಅದನ್ನೇ ನೋಡುತ್ತಿದ್ದ. ನೆವೆನಾ ಕಿರುಚಬೇಕೆಂದಿದ್ದಾಗ ಬಾಟಲಿ ತಿರುಗಿ ಕಿಟಕಿಯೊಳಗೆ ಬಂತು.

"ಕುಡಿ."

"ಏನು?"

"ನನ್ನ ಮುಂದೆ ಕುಡಿ. ಪೂರ್ತಿ."

ಕುಡಿದಳು. ಅರ್ಧಕ್ಕೇ ಹೊಟ್ಟೆ ಉಬ್ಬರಿಸಿ ಸಾಕೆಂದಳು. ಅವನು ಬಿಡಲಿಲ್ಲ. ಅವಳು ನುಂಗಿದಾಗಲೆಲ್ಲ ಅವನ ಗಂಟಲೂ ಆಡುತ್ತಿತ್ತು. ಬಾಟಲಿ ಬರಿದಾದ ಮೇಲೆ ಅವನು ಎದ್ದು ಮೆಟ್ಟಿಲಿಳಿದು ಒಳಗೆ ಬಂದ. "ಈಗ ಹೋಗ್ಬೇಕು ಅನ್ಸುತ್ತೆ ನಿಂಗೆ. ಹೋಗು. ಅಂಗಡಿ ನಾನು ನೋಡ್ಕೋತೀನಿ."

ಅಂದಿನಿಂದ ಅದೇ ನಡೆಯಿತು. ಆಸ್ಪತ್ರೆಯಿಲ್ಲದ ದಿನ ವೆಲ್ಕೊ ಬಂದು ಅಂಗಡಿಯಲ್ಲಿ ಕೂರುತ್ತಿದ್ದ, ಪೊಲೀಸಿನವನ ಹಾಗೆ ಅವಳನ್ನು ಕಾಯುತ್ತಿದ್ದ. ಆಸ್ಪತ್ರೆಯ ದಿನಗಳಲ್ಲಿ ಫೋನು ಮಾಡಿ, "ಕುಡಿ. ನುಂಗೋ ಸದ್ದು ಕೇಳಿಸ್ಬೇಕು," ಎನ್ನುತ್ತಿದ್ದ. ಅವಳಿಗೆ ಮೊದಮೊದಲು ಓಕರಿಕೆ ಬಂತು, ಸಿಟ್ಟು ಬಂತು. ಕುಡಿದೆನೆಂದು ಸುಳ್ಳು ಹೇಳಿ ಒಂದು ದಿನ ಸಿಕ್ಕಿಬಿದ್ದಳು. ಅವನು ಬೈಯಲಿಲ್ಲ, ಇಡೀ ಮಧ್ಯಾಹ್ನ ಮಾತು ಬಿಟ್ಟು ಕೂತ. ಮತ್ತೆಂದೂ ಅವಳು ಅವನಿಗೆ ಸುಳ್ಳು ಹೇಳಲಿಲ್ಲ. ಗಿರಾಕಿಗೆ ಬಾಟಲಿ ಕೊಟ್ಟ ಕೈ ತನ್ನ ಲೋಟಕ್ಕೂ ಹೋಗುವುದನ್ನು ನಿಧಾನಕ್ಕೆ ಕಲಿಯಿತು. ಕಿಟಕಿಗೆ 'ಈಗ ಬಂದೆ' ಎಂದು ಹಲಗೆ ತೂಗುಹಾಕಿ ಬೇಕರಿಗೆ ಹೋಗಿಬರುವುದಕ್ಕಿದ್ದ ನಾಚಿಕೆಯೂ ಹೋಯಿತು. ಗಿರಾಕಿಗಳು ಓಡಿಹೋಗಲಿಲ್ಲ, ಬೀದಿಯಲ್ಲಿ ನಿಂತು ಕಾದರು. ಇಷ್ಟು ವರ್ಷ ಯಾರಿಗೆ ಹೆದರಿದ್ದೆ ಎಂದು ಅವಳಿಗೇ ಸೋಜಿಗವಾಯಿತು.

ವೆಲ್ಕೊನ ಹೆಸರು ಬೇರೆಯವರ ಕಿಡ್ನಿಗಾಗಿ ಕಾಯುವವರ ಸಾಲಿಗೆ ಸೇರಿತು. ಸಾಲು ಉದ್ದವಿತ್ತು.

ಆಗಸ್ಟಿನ ಒಂದು ಶನಿವಾರ ಅವನ ಜೊತೆ ಕೂರಲೆಂದು ನೆವೆನಾ ಆಸ್ಪತ್ರೆಗೆ ಹೊರಟಳು. ಟ್ರಾಮು ನಡುದಾರಿಯಲ್ಲಿ ಕೆಟ್ಟು ನಿಂತಿದ್ದರಿಂದ ಉಳಿದ ದಾರಿಯನ್ನು ಬಿಸಿಲಲ್ಲಿ ನಡೆದಳು. ಡಯಾಲಿಸಿಸ್ ಕೋಣೆಯಲ್ಲಿ ಒರಗು ಕುರ್ಚಿಗಳ ಎರಡು ಸಾಲು, ಒಂದೊಂದರ ಪಕ್ಕದಲ್ಲೂ ಗುನುಗುವ ಯಂತ್ರ. ತಮ್ಮನ ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತಿಗೆ ಅವಳಿಗೆ ಏನೋ ಆಗತೊಡಗಿತು. ನಾಲಿಗೆ ಅಂಗುಳಕ್ಕೆ ಅಂಟಿತು. ಗಂಟಲೊಳಗೆ ಯಾರೋ ಬೂದಿ ತುರುಕಿದ ಹಾಗಾಯಿತು. ಮನಸ್ಸು ಬೇರೆ ಯಾವುದರ ಮೇಲೂ ನಿಲ್ಲಲೊಲ್ಲದು.

"ವೆಲ್ಕೊ, ನರ್ಸನ್ನ ಕರಿಯೋ. ನಂಗೇನೋ ಆಗ್ತಿದೆ. ಗಂಟಲು ಹಿಡ್ಕೋತಿದೆ."

ಅವನು ಅವಳ ಮುಖ ನೋಡಿದ. ಅವಳು ತುಟಿ ಸವರಿಕೊಳ್ಳುವುದನ್ನು ನೋಡಿದ. ನಗತೊಡಗಿದ. "ಅದು ಬಾಯಾರಿಕೆ ಕಣೇ, ಪೆದ್ದಿ. ಬರೀ ಬಾಯಾರಿಕೆ. ವಾಪಸ್ ಬಂದಿದೆ ನಿಂಗೆ!"

ನೆವೆನಾ ನಗಲಿಲ್ಲ. ದಂಗಾಗಿ ಕೂತಿದ್ದಳು. ಒಂದು ನಡಿಗೆಗೆ, ಇಷ್ಟೇ ಹೊತ್ತಿಗೆ, ಮೈಯೆಲ್ಲ ಹೀಗೆ ಹಾಹಾಕಾರ ಮಾಡುತ್ತಿದೆ. "ನಿಂಗೆ... ನಿಂಗೆ ಯಾವಾಗ್ಲೂ ಹಿಂಗೇನಾ?"

"ನಿದ್ದೆ ಬಂದಾಗ ಸ್ವಲ್ಪ ಬಿಡುವು," ಎಂದ ವೆಲ್ಕೊ. "ಬ್ಯಾಗಲ್ಲಿ ಬಾಟ್ಲಿ ಇದೆಯಲ್ಲ. ತೆಗಿ."

"ಇಲ್ಲಿ ಬೇಡ. ಹೊರಗೆ ಹೋಗಿ ಕುಡೀತೀನಿ."

"ಇಲ್ಲೇ ಕುಡಿ. ನಂಗೆ ನೋಡ್ಬೇಕು."

ಅವಳು ಬಾಟಲಿ ತೆಗೆದಳು. ಮುಚ್ಚಳ ತಿರುಗಿದ ಸಣ್ಣ ಸದ್ದಿಗೆ ಎದುರು ಸಾಲಿನ ಗಡ್ಡದವನು ಕಣ್ಣು ತೆರೆದ. ಅವನ ಪಕ್ಕದವನು ಪೇಪರು ಕೆಳಗಿಟ್ಟ. ಒಬ್ಬೊಬ್ಬರಾಗಿ ಇಡೀ ಕೋಣೆಯ ತಲೆಗಳು ಅವಳ ಕಡೆ ತಿರುಗಿದವು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ನೆವೆನಾ ಕುಡಿದಳು. ಗುಟುಕು ಇಳಿದಂತೆ ಗಂಟಲು ಬಿಟ್ಟುಕೊಂಡಿತು, ಮೈ ಹಗುರಾಯಿತು, ಆ ಸುಖಕ್ಕೆ ಅವಳಿಗೆ ಹೇಳಲಾರದಷ್ಟು ನಾಚಿಕೆಯಾಯಿತು.

ಕಿಟಕಿಯ ಬಳಿಯ ಕುರ್ಚಿಯಿಂದ ಒಬ್ಬ ಮುದುಕಿ ಮೆಲ್ಲಗೆ ಕೇಳಿದಳು: "ತಣ್ಣಗಿದೆಯೇನು ಮಗಳೇ?"

ಬಾಟಲಿ ಆಗಸ್ಟಿನ ಬಿಸಿಲನ್ನೆಲ್ಲ ಬ್ಯಾಗಿನಲ್ಲೇ ಕುಡಿದಿತ್ತು. ನೀರು ಉಗುರುಬೆಚ್ಚಗಿತ್ತು.

"ತಣ್ಣಗಿದೆ ಅಜ್ಜಿ," ಎಂದಳು ನೆವೆನಾ. "ತುಂಬಾ ತಣ್ಣಗಿದೆ."

ಮುದುಕಿ ಕಣ್ಣು ಮುಚ್ಚಿ, ಬರಿಯ ಬಾಯಲ್ಲಿ, ಒಮ್ಮೆ ನುಂಗಿದಳು.