ಕುರ್ಚಿಯ ಮೇಲಿನ ಮುಳ್ಳುಹೂ

ಬಟಾಣಿ ಪೊಟ್ಟಣಗಳನ್ನು ಪಕ್ಕಕ್ಕೆ ತಳ್ಳಿ ಸಿರಿಲ್ ಪಾಸ್ಕ್ ಫ್ರೀಜರಿನೊಳಗಿಂದ ಹೆಂಡತಿಯ ಹುಲ್ಲುಟೋಪಿಯನ್ನು ಹೊರಗೆಳೆದ. ಬೀದಿಯಲ್ಲಿ ಶವದ ಕಾರು ಬಂದು ನಿಂತಿತ್ತು. ಕರಿ ಕೋಟು ತೊಟ್ಟು ಕಾಯುತ್ತಿದ್ದ ನಾದಿನಿ ಬೆರಿಲ್ ದಂಗಾದಳು.

"ತಲೆ ನೆಟ್ಟಗಿದೆಯಾ ಸಿರಿಲ್? ಅಕ್ಕನ ಟೋಪೀನ ಬಟಾಣಿ ಜೊತೆ ಇಟ್ಟಿದ್ದೀಯಲ್ಲ."

"ಹದಿನಾಲ್ಕು ದಿನ ಆಯ್ತು," ಎಂದ ಸಿರಿಲ್, ಅದನ್ನು ಪಿಕ್ನಿಕ್ಕಿನ ತಂಪುಚೀಲಕ್ಕೆ ಇಳಿಸುತ್ತ. "ಇವತ್ತು ಅವಳು ಕೂರ್ತಾಳೆ ನೋಡು."

ಚರ್ಚಿನಲ್ಲಿ ಆ ಚೀಲ ಅವನ ತೊಡೆ ಬಿಟ್ಟು ಕದಲಲಿಲ್ಲ. ಹೊಸಬ ಪಾದ್ರಿ, ತೀರಿಕೊಂಡ ಡೋರೀನಳದು ಸದ್ದಿಲ್ಲದ ಬಾಳು ಎಂದುಬಿಟ್ಟ. ಅವಳನ್ನು ಬಲ್ಲವರೆಲ್ಲ ತುಟಿ ಕಚ್ಚಿ ನಗು ತಡೆದರು.

*

ಹನ್ನೊಂದನೇ ವಯಸ್ಸಿನಲ್ಲಿ ಡೋರೀನ್ ಶಾಲೆಯವರೊಡನೆ ವಿದರ್ಲಿ ಬಂಗಲೆ ನೋಡಲು ಹೋಗಿದ್ದಳು. ಟ್ಯೂಡರ್ ದೊರೆಗಳ ಕಾಲದ ಮನೆ, ಸುತ್ತ ಗಂಟು ಹಾಕಿದಂತೆ ಕತ್ತರಿಸಿದ ಗಿಡಗಳ ತೋಟ. ತೋಟ ಸುತ್ತಿ ಸುತ್ತಿ ಹೊಸ ಶೂ ಕಚ್ಚಿತು. ಮಹಡಿಯ ಉದ್ದನೆ ಹಜಾರದಲ್ಲಿ ಕಂಡ ಓಕ್ ಮರದ ಕುರ್ಚಿಯಲ್ಲಿ ಕೂತಳು. ಮನೆಯೊಡತಿ ಬಂದು, ಇಡೀ ತರಗತಿಯ ಮುಂದೆ, "ಏಳು. ಇದು ನಿನ್ನಂಥವರಿಗಲ್ಲ," ಎಂದಳು.

ಆ ಮಾತು ಅವಳ ಎದೆಯಲ್ಲಿ ನಾಟಿಕೊಂಡಿತು. ಮುಂದೆ ಮನೆ ಸಾರ್ವಜನಿಕರ ಪಾಲಾಯಿತು. ಅರವತ್ತಕ್ಕೆ ಡೋರೀನ್ ಅಲ್ಲಿಯೇ ಬಂದವರಿಗೆ ಮನೆ ತೋರಿಸುವ ಸೇವೆಗೆ ಸೇರಿದಳು. ಯಾರೂ ಕೂರದಿರಲೆಂದು ದಿನಾ ಬೆಳಿಗ್ಗೆ ಆ ಕುರ್ಚಿಯ ಮೇಲೆ ಒಣಗಿದ ಮುಳ್ಳುಹೂ ಇಡುವುದು ಅವಳದೇ ಕೆಲಸ. ಹೂವನ್ನು ತಮ್ಮ ಮನೆಯ ಹಿತ್ತಲ ಮೂಲೆಯಲ್ಲಿ ತಾನೇ ಬೆಳೆಯುತ್ತಿದ್ದಳು. ಮರ ಕೊರೆಯುವ ಹುಳ ಬಾರದಂತೆ, ಹೂವು, ಹುಲ್ಲಿನಂಥ ಹೊರಗಿನ ಯಾವ ವಸ್ತುವಾದರೂ ಹದಿನಾಲ್ಕು ದಿನ ಫ್ರೀಜರಿನಲ್ಲಿ ಕಳೆದೇ ಒಳಬರಬೇಕೆಂಬ ನಿಯಮ ಅಲ್ಲಿನದು. ಹಾಗಾಗಿ ಸಿರಿಲನ ಮನೆಯ ಫ್ರೀಜರಿನಲ್ಲಿ ಮುಳ್ಳುಹೂಗಳೇ ತುಂಬಿ ಐಸ್‌ಕ್ರೀಮಿಗೆ ಎಂದೂ ಜಾಗವಿರಲಿಲ್ಲ.

ಹೊಸ ಮೇಲ್ವಿಚಾರಕಿ ಇಮೊಜೆನ್ ಬಂದು ಹೂವಿನ ಬದಲು ಬೋರ್ಡು ಹಾಕೋಣವೆಂದಾಗ ಡೋರೀನ್ ಸೆಟೆದು ನಿಂತಳು. "ಬೋರ್ಡು ಬೈಯುತ್ತೆ. ಹೂವು ಬೈಯಲ್ಲ." ಗೆದ್ದಿದ್ದೂ ಅವಳೇ.

"ಬೆಳಿಗ್ಗೆ ಬೀಗದ ಕೈ ನಿನ್ನ ಹತ್ರಾನೇ ಇರುತ್ತಲ್ಲ, ಒಂದ್ಸಲ ಕೂತುಬಿಡು," ಎಂದಿದ್ದ ಸಿರಿಲ್.

"ಕದ್ದು ಕೂರೋಕಾ ಇಷ್ಟು ವರ್ಷ ಕಾದಿದ್ದು? ಆ ಬಂಗಲೆ ನೋಡಿಕೊಳ್ಳೋರೇ ಕೂತ್ಕೋ ಅನ್ನಬೇಕು."

ಇಪ್ಪತ್ತಾರು ವರ್ಷ ಯಾರೂ ಅನ್ನಲಿಲ್ಲ. ಅವಳೂ ಕೇಳಲಿಲ್ಲ.

*

ಮಣ್ಣು ಮಾಡಿ ಬಂದವರೆಲ್ಲ ಬಂಗಲೆಯ ಹಳೇ ಕುದುರೆಲಾಯದಲ್ಲಿ ಚಹಾ, ಮೊಟ್ಟೆ ಸ್ಯಾಂಡ್‌ವಿಚ್ಚು ಹಿಡಿದು ನಿಂತಿದ್ದಾಗ ಸಿರಿಲ್ ಮೆಲ್ಲನೆ ಜಾರಿಕೊಂಡ. ಮಂಡಿ ಹಿಡಿದುಕೊಂಡು ಮಹಡಿ ಹತ್ತಿದ. ಗೊಣಗುತ್ತ ಬೆರಿಲ್ ಹಿಂದೆ ಬಂದಳು. ಚೀಲದಿಂದ ಅವನು ಹೊರತೆಗೆದ ಟೋಪಿಯನ್ನು ಕಂಡು ಇಮೊಜೆನ್ ಓಡಿಬಂದಳು.

"ಕ್ಷಮಿಸಿ, ಪಾಸ್ಕ್ ಅವರೇ. ಹುಲ್ಲಿಂದು, ಹುಳ ಇರುತ್ತೆ. ನಿಯಮ ನಿಮಗೆ ಗೊತ್ತಲ್ಲ."

"ಗೊತ್ತಮ್ಮ. ಮುಟ್ಟಿ ನೋಡು."

ಅವಳು ಮುಟ್ಟಿದಳು. ಟೋಪಿ ಇನ್ನೂ ತಣ್ಣಗೆ ಕೊರೆಯುತ್ತಿತ್ತು. ಹೆಂಡತಿ ತೀರಿಕೊಂಡ ದಿನವೇ ಅದನ್ನು ಫ್ರೀಜರಿಗೆ ಇಟ್ಟದ್ದು, ಆ ಶೂ, ಆ ತರಗತಿ, ಆ ಮಾತು, ಎಲ್ಲವನ್ನೂ ಸಿರಿಲ್ ಹೇಳಿದ. ಇಮೊಜೆನಳ ಕಣ್ಣು ತುಂಬಿತು.

"ಆರು ವರ್ಷ ಜೊತೇಲಿದ್ದೆ. ಒಂದು ಮಾತು ಕೇಳಿದ್ದಿದ್ರೆ..."

"ಕೇಳಿ ಪಡೆಯೋ ಹೆಂಗಸಲ್ಲ ಅವಳು."

ಇಮೊಜೆನ್ ಬಾಗಿ ಮುಳ್ಳುಹೂ ಎತ್ತಿಕೊಂಡಳು. ತನ್ನ ಕೊರಳಿನ ರೇಷ್ಮೆ ವಸ್ತ್ರವನ್ನು ಕುರ್ಚಿಯ ಮೇಲೆ ಹಾಸಿ, ಹಜಾರಕ್ಕೆಲ್ಲ ಕೇಳುವಂತೆ ಹೇಳಿದಳು:

"ಬನ್ನಿ ಮಿಸೆಸ್ ಪಾಸ್ಕ್. ಕೂತ್ಕೊಳ್ಳಿ."

ಸಿರಿಲ್ ಟೋಪಿಯನ್ನು ಕೂರಿಸಿದ. ಬೆರಿಲ್ ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಮಧ್ಯಾಹ್ನದ ಪ್ರವಾಸಿಗರ ಗುಂಪು ಮೇಲೆ ಬಂತು. ಮುಂದಿದ್ದ ಹೆಂಗಸೊಬ್ಬಳು ನಿಂತು, ಇಲ್ಲಿ ಯಾರಾದರೂ ಕೂತಿದ್ದಾರಾ ಎಂದು ಕೇಳಿದಳು.

"ಹೌದು," ಎಂದ ಸಿರಿಲ್.

ಗುಂಪು ದನಿ ತಗ್ಗಿಸಿ, ಕುರ್ಚಿಗೆ ದಾರಿ ಬಿಟ್ಟು, ಬಳಸಿಕೊಂಡು ಹೋಯಿತು. ಸಿರಿಲ್ ಪಕ್ಕದಲ್ಲೇ ಎದೆ ಸೆಟೆಸಿ ನಿಂತಿದ್ದ. ಅವನ ಕರಿ ಕೋಟಿನ ಗುಂಡಿತೂತಿನಲ್ಲಿ ಇಮೊಜೆನ್ ಸಿಕ್ಕಿಸಿದ ಮುಳ್ಳುಹೂ ಇತ್ತು.